ಹೊಳೆಯುವ ಹಿತ್ತಾಳೆ, ಬೀಟಾದ ಬಾಲ

ಕಳೆದ ತಿಂಗಳು ಶೈಲಜಾ ಕುಣಿಗಲ್ಲಿನಿಂದ ಫೋನ್ ಮಾಡಿದ್ದಳು. ನಾನು ಪಾಠ ಮಾಡಿದ ಕೊನೆಯ ಬ್ಯಾಚಿನವಳು, ಈಗ ಅಲ್ಲಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಕೆಲಸಕ್ಕೆ ಸೇರಿ ವರ್ಷ ತುಂಬಿಲ್ಲ, ಆಗಲೇ ದನಿಯಲ್ಲಿ ಮೇಷ್ಟ್ರ ಗಾಬರಿ ಬಂದುಬಿಟ್ಟಿದೆ.

"ಮೇಡಂ, ಬ್ಯಾಕ್‌ಗ್ರೌಂಡ್ ಜಾಸ್ತಿ ಬರ್ತಾ ಇದೆ. ಸೋರ್ಸ್ ಇಟ್ಟೇ ಇಲ್ಲ, ಆದ್ರೂ ಕೌಂಟರ್ ಬಡ್ಕೋತಾನೇ ಇದೆ. ಮೆಷಿನ್ ಕೆಟ್ಟೋಯ್ತೇನೋ."

"ಆ ಹಿತ್ತಾಳೆ ಹೋಲ್ಡರ್ ತೊಳೆದ್ಯಾ?"

"ಹೂಂ ಮೇಡಂ. ತುಂಬಾ ಕಪ್ಪಗಿತ್ತು."

"ಏನ್ ಹಾಕಿ ತೊಳೆದೆ?"

"ಅದು... ಮೇಡಂ..." ಎಂದು ಅವಳು ಎಳೆದಳು. ನನಗೆ ನಗು ತಡೆಯಲಾಗಲಿಲ್ಲ, ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. "ಶನಿವಾರ ಬರ್ತೀನಿ. ಅಲ್ಲೀವರ್ಗೂ ಅದನ್ನ ಮುಟ್ಬೇಡ" ಎಂದು ಫೋನಿಟ್ಟೆ. ಆ ಹುಡುಗಿಗೆ ನಾನು ಪಾಠವನ್ನೆಲ್ಲ ಹೇಳಿಕೊಟ್ಟಿದ್ದೆ, ಕಥೆಯನ್ನು ಮಾತ್ರ ಹೇಳಿರಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವ ಅವಳಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಈಗ ನಾನಿರುವ ಬೀದಿಯಲ್ಲಿ ಯಾರಾದರೂ "ಮೇಡಂ, ನಿಮ್ಮ ಸಬ್ಜೆಕ್ಟ್ ಯಾವ್ದು?" ಎಂದು ಕೇಳಿದಾಗ "ನ್ಯೂಕ್ಲಿಯರ್ ಫಿಸಿಕ್ಸ್" ಅಂದರೆ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ನಾನು ಸಂಶೋಧನೆಗೆ ಸೇರಿದ ಕಾಲದಲ್ಲಂತೂ ಕೇಳುವುದೇ ಬೇಡ. ನನ್ನ ತವರು ಹೆಬ್ಬೂರು, ತೆಂಗು ರಾಗಿ ಬೆಳೆಯುವ ಮನೆ. ನನ್ನ ಸೋದರತ್ತೆ ಒಂದು ದಿನ ಜಗುಲಿಯಲ್ಲಿ ಕೂತು ನಮ್ಮಪ್ಪನನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ಆ ಬಾಂಬಿನ ಪೆಟ್ಟಿಗೆ ಮುಂದೆ ದಿನಾ ಕೂತ್ಕೊಂಡ್ರೆ ನಾಳೆ ಮಕ್ಳು ಮರಿ ಆಗ್ತವೇನ್ಲಾ ಅದ್ಕೆ?"

"ಸೀಸದ ಗೋಡೆ ಐತಂತೆ, ಬುಡಕ್ಕ" ಎಂದಿದ್ದ ಅಪ್ಪ. ಅವನಿಗೂ ಧೈರ್ಯವೇನೂ ಇರಲಿಲ್ಲ. ಆದರೆ ಮಗಳ ಮಾತನ್ನು ತೆಗೆದುಹಾಕುವ ಜಾಯಮಾನ ಅವನದಲ್ಲ. ಮುಂದೆ ನನಗೆ ಎರಡು ಮಕ್ಕಳಾದವು. ಅವುಗಳ ಹಟ ನೋಡಿದರೆ ಕಿರಣಗಳಿಂದ ಶಕ್ತಿ ಹೆಚ್ಚಾಗಿದೆಯೇ ಹೊರತು ಕಡಿಮೆಯಂತೂ ಆಗಿಲ್ಲ.

ಬೀಟಾ ಕ್ಷಯ ಅಂದರೆ ಇಷ್ಟೇ. ಕೆಲವು ಪರಮಾಣುಗಳ ಬೀಜಕ್ಕೆ ಇದ್ದ ಹಾಗೆ ಇರಲು ಆಗುವುದಿಲ್ಲ. ಒಂದಲ್ಲ ಒಂದು ದಿನ ಒಳಗಿನಿಂದ ಒಂದು ಎಲೆಕ್ಟ್ರಾನನ್ನು ಆಚೆಗೆಸೆದು ಬೇರೆ ಧಾತುವಾಗಿಬಿಡುತ್ತವೆ. ಎಸೆಯುವಾಗ ಹೊರಬರುವ ಶಕ್ತಿಯನ್ನು ಎಲೆಕ್ಟ್ರಾನೂ ಅದರ ಜೊತೆಗೆ ಹುಟ್ಟುವ, ಯಾರ ಕೈಗೂ ಸುಲಭವಾಗಿ ಸಿಗದ ನ್ಯೂಟ್ರಿನೋ ಎಂಬ ಕಣವೂ ಅಣ್ಣತಮ್ಮಂದಿರ ಹಾಗೆ ಪಾಲು ಮಾಡಿಕೊಳ್ಳುತ್ತವೆ. ಅಣ್ಣನಿಗೆ ಒಮ್ಮೆ ಚೂರು, ಒಮ್ಮೆ ಅರ್ಧ, ಒಮ್ಮೊಮ್ಮೆ ಹೆಚ್ಚುಕಡಿಮೆ ಪೂರ್ತಿ. ಆದರೆ ಇದ್ದ ಆಸ್ತಿಗಿಂತ ಹೆಚ್ಚು ಯಾರಿಗೂ ಸಿಗದು. ಅದೇ ಗಡಿ. ಒಂದೊಂದು ಧಾತುವಿಗೂ ಅದರದೇ ಗಡಿ ಇರುವುದರಿಂದ, ಗಡಿ ಗೊತ್ತಾದರೆ ಒಳಗೆ ಯಾರಿದ್ದಾರೆಂದು ಹೇಳಿಬಿಡಬಹುದು. ನನ್ನ ವೃತ್ತಿಯೆಲ್ಲ ಈ ಗಡಿಗಳನ್ನು ಅಳೆಯುವುದರಲ್ಲೇ ಕಳೆಯಿತು.

ನಮ್ಮ ಲ್ಯಾಬು ತುಮಕೂರಿನ ಕಾಲೇಜೊಂದರ ಹಿಂಬದಿಯ ಕೋಣೆ. ಸೀಸದ ಇಟ್ಟಿಗೆಗಳ ಭಾರಕ್ಕೆ ಮರದ ಮೇಜು ನಡು ಬಾಗಿತ್ತು. ಇವತ್ತು ಕಂಪ್ಯೂಟರಿನ ಮುಂದೆ ಕೂತರೆ ಇಡೀ ರೋಹಿತ, ಅಂದರೆ ಯಾವ ಶಕ್ತಿಯ ಕಣ ಎಷ್ಟು ಬಂತೆಂಬ ಚಿತ್ರ, ಒಮ್ಮೆಗೇ ಮೂಡುತ್ತದೆ. ಆಗ ಗುಂಡಿಯನ್ನು ಒಂದು ಗೆರೆ ತಿರುಗಿಸಬೇಕು, ಆ ಶಕ್ತಿಯ ಕಣಗಳು ಎಷ್ಟು ಬಂದವೆಂದು ಕೌಂಟರಿನಲ್ಲಿ ಎಣಿಸಬೇಕು, ಬರೆಯಬೇಕು, ಮತ್ತೊಂದು ಗೆರೆ ತಿರುಗಿಸಬೇಕು. ಮಧ್ಯೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ.

ಮೊದಮೊದಲು ದಿನಾ ಬೆಳಿಗ್ಗೆ ನನ್ನ ಗ್ರಾಫಿನಲ್ಲಿ ಒಂದು ಗುಬ್ಬಚ್ಚಿ ಗೂಡಿನಂಥ ಉಬ್ಬು ಬರುತ್ತಿತ್ತು. ಹೊಸದೇನೋ ಸಿಕ್ಕಿತೆಂದು ಬೀಗಿದೆ. ಆಮೇಲೆ ತಿಳಿಯಿತು, ಪಕ್ಕದ ರಸ್ತೆಯ ಹಿಟ್ಟಿನ ಗಿರಣಿ ಶುರುವಾಗುವ ಹೊತ್ತು ಅದು. ಗಿರಣಿಯವರ ಮೋಟಾರು ಎದ್ದ ಕೂಡಲೇ ನಮ್ಮ ಕೌಂಟರು ಮೈಮೇಲೆ ದೇವರು ಬಂದ ಹಾಗೆ ಆಡುತ್ತಿತ್ತು. ಅಂದಿನಿಂದ ಗಿರಣಿ ನಿಂತ ಮೇಲೆಯೇ ಎಣಿಕೆ.

ಕಣಗಳನ್ನು ತಡೆಯಲು ತೆಳು ಅಲ್ಯುಮಿನಿಯಂ ಹಾಳೆಗಳು ಬೇಕು. ಕಂಪನಿಯಿಂದ ತರಿಸುವ ಅನುಕೂಲ ನಮಗೆಲ್ಲಿ? ಮಂಡಿಪೇಟೆಯ ಪಾತ್ರೆ ಅಂಗಡಿಯಿಂದ ತಗಡು ತಂದು ಚೌಕವಾಗಿ ಕತ್ತರಿಸುತ್ತಿದ್ದೆ. ಅದರ ದಪ್ಪ ತಿಳಿಯಲು ತೂಕ ಬೇಕು, ತೂಕಕ್ಕೆ ಒಳ್ಳೆಯ ತಕ್ಕಡಿ ಬೇಕು. ನಮ್ಮ ಲ್ಯಾಬಿನದು ಕೈಕೊಟ್ಟಾಗ ಅಕ್ಕಸಾಲಿಯ ಅಂಗಡಿಗೆ ಹೋದೆ. ನನ್ನ ಕೈಯಲ್ಲಿದ್ದ ತಗಡನ್ನು ನೋಡಿ ಅವರು, "ಏನವ್ವ, ಅಲ್ಯುಮಿನಿಯಂಗೂ ಕಾಲ ಬಂತಾ? ಮೂಗುಬಟ್ಟು ಮಾಡಿಸ್ತೀಯಾ?" ಎಂದರು. ತೂಕ ಮಾತ್ರ ಕರಾರುವಾಕ್ಕಾಗಿ ಹಾಕಿಕೊಟ್ಟರು.

ಇನ್ನು ನನ್ನ ಗೈಡು ಗುರುಶಾಂತಪ್ಪ ಸರ್. ಗುಬ್ಬಿಯವರು, ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆಗೆ ಮೂರೆಳೆ ವಿಭೂತಿ ಎಳೆದುಕೊಂಡು, ಇಸ್ತ್ರಿಯ ಗೆರೆ ಅಳಿಸದ ಬಿಳಿ ಅಂಗಿಯಲ್ಲಿ ಬರುವರು. ಚೊಕ್ಕಟವೆಂದರೆ ಅತಿ ಚೊಕ್ಕಟ. ಮೇಜಿನ ಮೇಲೆ ಬೆರಳಾಡಿಸಿ ಧೂಳು ಕಂಡರೆ ಅವತ್ತಿಡೀ ನಮ್ಮ ಗ್ರಹಚಾರ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ತಪ್ಪು ಲೆಕ್ಕಕ್ಕೆ ಅವರು ಬೈಯುತ್ತಿರಲಿಲ್ಲ, ಲೆಕ್ಕದ ಹಾಳೆಯನ್ನು ಮಡಿಸಿ ನಮ್ಮ ಕೈಗಿಟ್ಟು ಕಿಟಕಿಯ ಕಡೆ ತಿರುಗುತ್ತಿದ್ದರು. ಬೈದಿದ್ದರೇ ವಾಸಿ ಅನ್ನಿಸುತ್ತಿತ್ತು.

ಅವರ ಪ್ರಾಣವೆಲ್ಲ ಇದ್ದದ್ದು ಒಂದು ಹಿತ್ತಾಳೆಯ ಹೋಲ್ಡರಿನಲ್ಲಿ. ವಿಕಿರಣ ಸೂಸುವ ಪುಟ್ಟ ಬಿಲ್ಲೆಗೆ ನಾವು ಸೋರ್ಸ್ ಎನ್ನುತ್ತೇವೆ. ಅದನ್ನು ಕೂರಿಸಲು ತಾವೇ ನಕ್ಷೆ ಬರೆದು ಗುಬ್ಬಿಯ ಲೇತ್ ಅಂಗಡಿಯಲ್ಲಿ ಕಡೆಸಿದ್ದರು. ಕುಂಕುಮದ ಭರಣಿಯಷ್ಟು ಗಾತ್ರ, ಒಳಗೆ ತಿರುಪಿನ ಗೆರೆಗಳು. ವಾರದ ಕೊನೆಯಲ್ಲಿ ಸೋರ್ಸನ್ನು ಸೀಸದ ಪೆಟ್ಟಿಗೆಗೆ ಸೇರಿಸಿ ಬೀಗ ಹಾಕಿ, ಬರಿಯ ಹೋಲ್ಡರನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ಒಯ್ಯುವರು. ಸೋಮವಾರ ಅದು ಮದುವಣಗಿತ್ತಿಯ ಹಾಗೆ ಹೊಳೆಯುತ್ತ ಬರುವುದು.

"ಹಿತ್ತಾಳೆ ಹೊಳೀಬೇಕು ಕಣಮ್ಮ. ಕಿಲುಬು ಹಿಡಿದ ಸಾಮಾನಿನ ಹತ್ರ ಸತ್ಯ ಬರಲ್ಲ" ಎನ್ನುತ್ತಿದ್ದರು.

ಅವರ ಮನಸ್ಸಿನಲ್ಲೊಂದು ಮುಳ್ಳು ಇತ್ತು. ಎಷ್ಟೋ ವರ್ಷಗಳ ಹಿಂದೆ ಬೆಂಗಳೂರಿನ ಸೆಮಿನಾರಿನಲ್ಲಿ ಇವರು ಪ್ರಶ್ನೆ ಕೇಳಲು ಎದ್ದಾಗ, ದೊಡ್ಡ ಹೆಸರಿನ ವಿಜ್ಞಾನಿಯೊಬ್ಬರು ಸಭೆಯ ಮುಂದೆ, "ನೀವು ನಿಮ್ಮೂರಲ್ಲಿ ಪ್ರಾಕ್ಟಿಕಲ್ ಎಕ್ಸಾಂ ಚೆನ್ನಾಗಿ ಮಾಡಿಸ್ರೀ, ಸಾಕು" ಅಂದಿದ್ದರಂತೆ. ಸರ್ ಅದನ್ನು ನನಗೆ ಒಂದೇ ಸಲ ಹೇಳಿದ್ದು. ಆದರೆ ತುಮಕೂರಿನಲ್ಲೂ ಒಂದು ಹೊಸ ಸಂಗತಿ ಕಂಡಿತು ಎಂದು ಅದೇ ಸಭೆಯಲ್ಲಿ ಹೇಳಬೇಕೆಂಬುದೊಂದೇ ಅವರಿಗಿದ್ದ ಆಸೆ. ಮುಂದಿನ ಬೇಸಿಗೆಗೆ ಅವರ ನಿವೃತ್ತಿ ಇತ್ತು.

ಅಂಥ ಹೊತ್ತಿನಲ್ಲಿ ಬಾಲ ಕಾಣಿಸಿಕೊಂಡಿತು.

ನಾನು ಅಳೆಯುತ್ತಿದ್ದದ್ದು ಹಳೆಯದಾಗಿ ಸೊರಗಿದ ಥ್ಯಾಲಿಯಂ ಸೋರ್ಸು. ಥ್ಯಾಲಿಯಂನ ಗಡಿ ಎಲ್ಲರಿಗೂ ಗೊತ್ತಿರುವುದೇ. ಅಲ್ಲಿಗೆ ಎಣಿಕೆ ನಿಲ್ಲಬೇಕು. ನಿಲ್ಲಲಿಲ್ಲ. ಗಡಿ ದಾಟಿ ಬಹುದೂರದವರೆಗೆ ಒಂದು ತೆಳ್ಳನೆಯ ಬಾಲ ಎಳೆದುಕೊಂಡು ಹೋಗುತ್ತಿತ್ತು. ಸರ್‌ಗೆ ತೋರಿಸಿದೆ. ಹಾಳೆಯನ್ನು ಮಡಿಸಿ ಕೈಗಿಟ್ಟು ಕಿಟಕಿಯ ಕಡೆ ತಿರುಗಿದರು.

ಮತ್ತೆ ಅಳೆದೆ. ಬಾಲ ಇತ್ತು. ಕೌಂಟರಿನ ಟ್ಯೂಬು ಬದಲಿಸಿದೆವು, ಇಟ್ಟಿಗೆಗಳನ್ನು ಕಿತ್ತು ಮತ್ತೆ ಕಟ್ಟಿದೆವು, ಗಿರಣಿಯವರ ರಜೆಯ ದಿನ ನೋಡಿ ಎಣಿಸಿದೆವು. ಬಾಲ ಹೋಗಲಿಲ್ಲ. ಸೋರ್ಸು ತೆಗೆದು ಬ್ಯಾಕ್‌ಗ್ರೌಂಡ್, ಅಂದರೆ ಸುತ್ತಲಿನಿಂದ ತಾನಾಗಿ ಬರುವ ಎಣಿಕೆ, ನೋಡಿದರೆ ಅಲ್ಲಿ ಬಾಲವಿಲ್ಲ. ಅಂದಮೇಲೆ ಅದು ಸೋರ್ಸಿನದೇ ತಾನೇ? ತಮಾಷೆಯೆಂದರೆ ವಾರದಿಂದ ವಾರಕ್ಕೆ ಅದು ಒಂಚೂರು ದಪ್ಪವೂ ಆಗುತ್ತಿತ್ತು. ನಮ್ಮ ಕೈ ಪಳಗುತ್ತಿದೆ, ಅದಕ್ಕೇ ಚೆನ್ನಾಗಿ ಕಾಣುತ್ತಿದೆ ಅಂದುಕೊಂಡೆವು.

ಥ್ಯಾಲಿಯಂ ಒಡೆಯುವುದಕ್ಕೆ ಯಾರೂ ನೋಡದ ಇನ್ನೊಂದು ದಾರಿ ಇದೆ ಎಂದು ಸರ್ ತೀರ್ಮಾನಿಸಿದ ದಿನ ಅವರ ಮುಖ ನೋಡಬೇಕಿತ್ತು. ಯಾರಿಗೂ ಒಂದು ಲೋಟ ಕಾಫಿ ಕೊಡಿಸದ ಮನುಷ್ಯ, ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರಿಸಿ ಇಡೀ ವಿಭಾಗಕ್ಕೆ ತಿನ್ನಿಸಿದರು. ಸೆಮಿನಾರಿಗೆ ಲೇಖನ ಕಳುಹಿಸಿದ್ದೂ ಆಯಿತು, ಒಪ್ಪಿಗೆ ಬಂದದ್ದೂ ಆಯಿತು. ನನ್ನ ಪ್ರಬಂಧಕ್ಕೂ ಅದೇ ಬೆನ್ನೆಲುಬು.

ಸೆಮಿನಾರಿಗೆ ಮುಂಚಿನ ಭಾನುವಾರ, ತಿದ್ದಿದ ಪ್ರತಿಯನ್ನು ತೋರಿಸಲು ಗುಬ್ಬಿಯ ಅವರ ಮನೆಗೆ ಹೋದೆ. ಸರ್ ಹಿತ್ತಲಲ್ಲಿದ್ದರು. ಪೂಜೆಯ ತಂಬಿಗೆ, ಗಿಂಡಿ, ಆರತಿ ತಟ್ಟೆಗಳನ್ನು ಮುಂದೆ ಹರಡಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದರು. ಪೂಜೆ ಸಾಮಾನನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. ಹಂಡೆ ಒಲೆಯಿಂದ ತೆಗೆದ ತೆಂಗಿನ ಮಟ್ಟೆಯ ಬೂದಿ, ಒಂದು ಉಂಡೆ ಹುಣಸೆಹಣ್ಣು, ತೆಂಗಿನ ನಾರು. ಕೊನೆಯಲ್ಲಿ ಕರವಸ್ತ್ರ ಬಿಚ್ಚಿ ನಮ್ಮ ಹೋಲ್ಡರನ್ನೂ ತೆಗೆದರು. ಬೂದಿ ಮೆತ್ತಿ, ಒಳಗೆಲ್ಲ ಬೆರಳು ತೂರಿಸಿ, ಗರಗರ ಉಜ್ಜಿದರು. ಒಂದು ಸಲ ನೀರಲ್ಲಿ ಅದ್ದಿ ಪಂಚೆಯ ಅಂಚಿನಲ್ಲಿ ಒರೆಸಿದರು.

"ನೋಡು ಹೆಂಗಿದೆ" ಎಂದು ನನ್ನ ಕೈಗೆ ಕೊಟ್ಟರು.

ಹೊರಗೆ ಚಿನ್ನದ ಹಾಗಿತ್ತು. ಒಳಗಿನ ತಿರುಪಿನ ಸಂದುಗಳಲ್ಲಿ ಬೂದಿ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು.

"ಆ ಬೂದಿ ನೀರು ಚೆಲ್ಬೇಡಮ್ಮ, ತೆಂಗಿನ ಬುಡಕ್ಕೆ ಹಾಕು. ಪೊಟ್ಯಾಷ್ ಅದು" ಎಂದರು ಸರ್, ಕೈ ತೊಳೆಯುತ್ತ.

ಈ ಮಾತನ್ನು ನಮ್ಮಪ್ಪನ ಬಾಯಲ್ಲಿ ನೂರು ಸಲ ಕೇಳಿದ್ದೆ. ಅಂಗಡಿಯ ಪೊಟ್ಯಾಷ್ ಕೊಳ್ಳುವ ಬದಲು ಬೂದಿ ಹಾಕಿ ಎಂದು ಊರಿಗೆಲ್ಲ ಹೇಳುತ್ತಿದ್ದ. ಆದರೆ ಅವತ್ತು ಚೊಂಬು ಹಿಡಿದು ತೆಂಗಿನ ಬುಡದಲ್ಲಿ ನಿಂತಾಗ ಆ ಪದ ಬೇರೆಯೇ ಕೇಳಿಸಿತು. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ. ಪೊಟ್ಯಾಸಿಯಂನಲ್ಲಿ ಒಂದು ಸಣ್ಣ ಪಾಲು ಭೂಮಿ ಹುಟ್ಟಿದಾಗಿನಿಂದ ಬೀಟಾ ಸೂಸುತ್ತಲೇ ಇದೆ. ಅದರ ಗಡಿ ಎಲ್ಲಿ ಎಂದು ನೆನಪು ಮಾಡಿಕೊಂಡೆ. ನಮ್ಮ ಬಾಲ ಮುಗಿಯುತ್ತಿದ್ದದ್ದೂ ಹೆಚ್ಚುಕಡಿಮೆ ಅಲ್ಲಿಯೇ. ಬ್ಯಾಕ್‌ಗ್ರೌಂಡ್ ನೋಡುವಾಗ ನಮ್ಮ ಲ್ಯಾಬಿನ ರೂಢಿಯಂತೆ ಸೋರ್ಸಿನ ಜೊತೆ ಹೋಲ್ಡರನ್ನೂ ಹೊರಗಿಡುತ್ತಿದ್ದೆವು. ಬಾಲವೂ ಅದರ ಜೊತೆಗೇ ಆಚೆ ಹೋಗುತ್ತಿತ್ತು. ವಾರ ವಾರ ಉಜ್ಜಿದಂತೆ ಬೂದಿ ಸಂದಿನಲ್ಲಿ ತುಂಬುತ್ತ ಬಂದಿತ್ತು.

ಖಾಲಿ ಚೊಂಬನ್ನು ಕೆಳಗಿಟ್ಟೆ. "ಸಾರ್, ಒಂಚೂರು ಬೂದಿ ಕೊಡ್ತೀರಾ?" ಎಂದೆ.

"ಯಾಕೆ, ಹೆಬ್ಬೂರಲ್ಲಿ ಬೂದಿ ಬರ ಬಂತಾ?" ಎಂದು ನಗುತ್ತ ಕಾಗದದಲ್ಲಿ ಪೊಟ್ಟಣ ಕಟ್ಟಿಕೊಟ್ಟರು. ಅವತ್ತು ಅವರು ತುಂಬ ಖುಷಿಯಲ್ಲಿದ್ದರು.

ನೇರ ಲ್ಯಾಬಿಗೆ ಬಂದೆ. ಹೊಸ ತಟ್ಟೆಯೊಂದರಲ್ಲಿ ಬರೀ ಬೂದಿ ಹರಡಿ ಎಣಿಸಿದೆ. ಥ್ಯಾಲಿಯಂ ಇಲ್ಲ, ಹೋಲ್ಡರ್ ಇಲ್ಲ. ಬಾಲ ಬಂತು. ಇನ್ನಷ್ಟು ಬೂದಿ ಹಾಕಿದರೆ ಇನ್ನಷ್ಟು ಬಂತು.

ಸಂಜೆ ಹೆಬ್ಬೂರಿನ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ. ಹೇಳಿದರೆ ನನ್ನ ಪ್ರಬಂಧ ಹೋಯಿತು. ಅದಾದರೂ ಹೋಗಲಿ, ನನಗೆ ವಯಸ್ಸಿತ್ತು. ಅವರಿಗೆ ಎಲ್ಲಿತ್ತು? ಸುಮ್ಮನಿದ್ದುಬಿಟ್ಟರೆ ಅವರು ಸಂತೋಷದಿಂದ ನಿವೃತ್ತರಾಗುತ್ತಾರಲ್ಲ ಎಂಬ ಯೋಚನೆಯೂ ಬಂತು. ಆದರೆ ನಾಳೆ ಬೇರೆಯವರು ಅಳೆದು ಬಾಲ ಕಾಣದೇ ಹೋದರೆ, ಆ ದೊಡ್ಡ ಮನುಷ್ಯ ಮತ್ತೊಮ್ಮೆ ನಗುತ್ತಾರೆ. ಆ ನಗೆಯ ಮುಂದೆ ಸರ್ ನಿಲ್ಲುವುದನ್ನು ನನಗೆ ನೆನೆಯಲೂ ಆಗಲಿಲ್ಲ.

ಸೋಮವಾರ ಸರ್ ಬಂದರು, ಹೊಸ ಅಂಗಿ, ಕೈಯಲ್ಲಿ ಹೋಲ್ಡರ್. "ಸಾರ್, ಇದೊಂದನ್ನ ನೀವೇ ಎಣಿಸಿ" ಎಂದು ತಟ್ಟೆಯನ್ನು ತೋರಿಸಿದೆ. ಅವರು ಕೂತು ಗುಂಡಿ ತಿರುಗಿಸುತ್ತ ಹೋದರು. ಗ್ರಾಫಿನ ಮೇಲೆ ಚುಕ್ಕಿ ಇಟ್ಟರು, ಸ್ಕೇಲಿಟ್ಟು ಗೆರೆ ಎಳೆದರು. ಗೆರೆ ತಳ ಮುಟ್ಟಿದ ಜಾಗ ನಮ್ಮ ಬಾಲದ್ದೇ ಗಡಿ ಎಂದು ನೋಡಿ ಪೆನ್ಸಿಲ್ ಕೆಳಗಿಟ್ಟರು.

"ಸೋರ್ಸ್ ಯಾವ್ದು ಇದು?"

"ಸೋರ್ಸ್ ಇಲ್ಲ ಸಾರ್. ಬೂದಿ."

"ಯಾವ ಬೂದಿ?"

"ನಿಮ್ಮ ಮನೇದು ಸಾರ್. ನೆನ್ನೆ ಕೊಟ್ರಲ್ಲ."

ಹೋಲ್ಡರನ್ನು ಎತ್ತಿ ಬೆಳಕಿಗೆ ಹಿಡಿದು ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಹಾಳೆ ಮಡಿಸಿ ನನ್ನ ಕೈಗಿಡುತ್ತಾರೆ, ಕಿಟಕಿಯ ಕಡೆ ತಿರುಗುತ್ತಾರೆ ಎಂದು ಕಾಯುತ್ತಿದ್ದೆ. ಅವರು ಹಾಳೆಯನ್ನು ಮಡಿಸಿ ತಮ್ಮ ಜೇಬಿನಲ್ಲಿಟ್ಟುಕೊಂಡರು.

"ನಾಳೆ ನೀನೂ ಬಾ ಬೆಂಗಳೂರಿಗೆ" ಎಂದರು.

ಸೆಮಿನಾರಿನಲ್ಲಿ ಅವರ ಸರದಿ ಬಂದಾಗ ಲೇಖನವನ್ನು ಮಡಿಸಿ ಪಕ್ಕಕ್ಕಿಟ್ಟರು. "ನಾವು ಕಂಡಿದ್ದು ಥ್ಯಾಲಿಯಂನ ಹೊಸ ದಾರಿ ಅಲ್ಲ. ನಮ್ಮ ಮನೆ ಹಂಡೆ ಒಲೆ ಬೂದಿ" ಎಂದು ಶುರುಮಾಡಿ, ಹುಣಸೆಹಣ್ಣು ನಾರು ಒಂದನ್ನೂ ಬಿಡದೆ ಹೇಳಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಆ ದೊಡ್ಡ ವಿಜ್ಞಾನಿಯೂ ಮುಂದಿನ ಸಾಲಿನಲ್ಲಿದ್ದರು. ಅವರೂ ನಕ್ಕರು, ಆಮೇಲೆ ಕೇಳಿದರು: "ಇದನ್ನ ಪತ್ತೆ ಮಾಡಿದವರು ಯಾರು?"

"ನಮ್ಮ ಹುಡುಗಿ. ವನಜಾಕ್ಷಿ ಅಂತ, ಹೆಬ್ಬೂರು. ಎದ್ದು ನಿಲ್ಲಮ್ಮ."

ನಾನು ಎದ್ದೆ. ಸರ್ ವೇದಿಕೆಯ ಮೇಲಿನಿಂದ ನನ್ನನ್ನು ನೋಡುತ್ತಿದ್ದರು, ಹೊಸ ಸಂಗತಿಯನ್ನು ತೋರಿಸುವವರ ಹಾಗೆ.

ವಾಪಸು ಬರುವಾಗ ರೈಲಿನಲ್ಲಿ ಎದುರುಬದುರು ಕೂತೆವು. ಕ್ಯಾತ್ಸಂದ್ರ ಬರುವ ಹೊತ್ತಿಗೆ ಸರ್ ಕೇಳಿದರು.

"ನಂಗೆ ಹೇಳೋಕೆ ಹೆದರಿದ್ಯಾ?"

"ಹೂಂ ಸಾರ್."

"ನಿನ್ ಜಾಗದಲ್ಲಿ ನಾನಿದ್ದಿದ್ರೆ ಹೇಳ್ತಿದ್ನೋ ಇಲ್ವೋ. ಗೊತ್ತಿಲ್ಲ ಕಣಮ್ಮ."

ನನ್ನ ವೃತ್ತಿಯಲ್ಲಿ ಬಂದ ಹೊಗಳಿಕೆಗಳನ್ನೆಲ್ಲ ಒಂದು ಕಡೆ ಇಟ್ಟರೂ ಈ ಮಾತಿನ ತೂಕ ಬರುವುದಿಲ್ಲ.

ನನ್ನ ಪ್ರಬಂಧ ಆಮೇಲೆ ಬೂದಿಯ ಮೇಲೆಯೇ ಆಯಿತು. ತೆಂಗಿನ ಮಟ್ಟೆ, ರಾಗಿ ಹುಲ್ಲು, ಕೆರೆಯ ಗೋಡುಮಣ್ಣು, ಎಲ್ಲದರಲ್ಲಿರುವ ಸಣ್ಣ ಬೀಟಾವನ್ನು ಹಿಡಿಯುವ ಕೆಲಸ. ಬ್ಯಾಕ್‌ಗ್ರೌಂಡ್ ನೋಡುವಾಗ ಹೋಲ್ಡರು ಒಳಗೇ ಇರಬೇಕೆಂಬ ನಿಯಮವೂ ಅಂದಿನಿಂದ ಬಂತು. ಹೊಸಬರಿಗೆ ನಾನು ಹೇಳುವ ಬುದ್ಧಿಮಾತು ಅದೊಂದೇ: ಅಳೆಯಬೇಕಾದ್ದನ್ನು ಮಾತ್ರ ತೆಗೆದು ಮಿಕ್ಕಿದ್ದನ್ನೆಲ್ಲ ಇದ್ದ ಹಾಗೇ ಇಟ್ಟು ಎಣಿಸಿ. ಸರ್ ನಿವೃತ್ತರಾಗುವಾಗ ಹೋಲ್ಡರನ್ನು ನನ್ನ ಕೈಗಿತ್ತು, "ಕರೀಗೇ ಇರ್ಲಿ ಇನ್ಮೇಲೆ" ಎಂದರು. ನಾನು ಒಂದು ದಿನವೂ ಉಜ್ಜಲಿಲ್ಲ. ಅದು ಕಪ್ಪಾಗುತ್ತ ಹೋಯಿತು, ನನ್ನ ಕೂದಲು ಬೆಳ್ಳಗಾಗುತ್ತ ಬಂತು. ನಾನು ನಿವೃತ್ತಳಾದಾಗ ಅದು ಶೈಲಜಾಳಿಗೆ ಹೋಯಿತು.

ಸರ್ ಹೋದ ವರ್ಷ ತೀರಿಕೊಂಡರು. ಗುಬ್ಬಿಯಲ್ಲಿ ಅವರ ಪದ್ಧತಿಯಂತೆ ಕೂರಿಸಿ, ಸುತ್ತ ವಿಭೂತಿ ಗಟ್ಟಿಗಳನ್ನು ಇಟ್ಟು ಸಮಾಧಿ ಮಾಡಿದರು. ನಾನು ಜನರ ಹಿಂದೆ ನಿಂತಿದ್ದೆ. ಮುಂದೆ ಹೋಗಿ ನೋಡುವ ಧೈರ್ಯ ಆಗಲಿಲ್ಲ. ಅದು ಇವತ್ತಿಗೂ ಒಂದು ಕೊರಗು.

ಆ ಶನಿವಾರ ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋದೆ. ಶೈಲಜಾ ಲ್ಯಾಬಿನ ಬಾಗಿಲಲ್ಲೇ ಕಾಯುತ್ತಿದ್ದಳು.

"ಅಜ್ಜಿ ಉಜ್ಜಿಕೊಟ್ರು ಮೇಡಂ. ಬೂದಿ, ಹುಣಸೆಹಣ್ಣು. ಫೋನಲ್ಲಿ ಹೇಳೋಕೆ ನಾಚ್ಕೆ ಆಯ್ತು."

ಹೋಲ್ಡರನ್ನು ನನ್ನ ಅಂಗೈ ಮೇಲಿಟ್ಟಳು. ಅದೇ ಹೊಳಪು. ಗುಬ್ಬಿಯ ಹಿತ್ತಲು, ಪಂಚೆಯ ಅಂಚು, "ನೋಡು ಹೆಂಗಿದೆ" ಎಂಬ ದನಿ ಎಲ್ಲ ಒಟ್ಟಿಗೆ ಬಂದವು. ಬೈಯಬೇಕೆಂದು ಹೋದವಳು ಬೈಯಲಿಲ್ಲ. ಕಥೆಯನ್ನು ಮೊದಲಿನಿಂದ ಹೇಳಿದೆ, ಹೇಳುತ್ತಲೇ ಬೆರಳು ತೂರಿಸಿ ಸಂದಿನ ಬೂದಿಯನ್ನು ಕೆರೆದು ತೆಗೆದೆ. ಅವಳು ನೀರಿನಲ್ಲಿ ತೊಳೆದು, ಒಣಗಿಸಿ, ಬರಿಯ ಹೋಲ್ಡರನ್ನು ಕೌಂಟರಿನ ಕೆಳಗಿಟ್ಟಳು. ನನ್ನ ಬೆರಳಿಗೆ ಮೆತ್ತಿದ್ದ ಬೂದಿಯನ್ನು ಏನು ಮಾಡಬೇಕೆಂದು ತೋಚಲಿಲ್ಲ. ನಮ್ಮ ಮನೆಯಲ್ಲಿ ವಿಭೂತಿ ಹಚ್ಚುವ ಪದ್ಧತಿಯಿಲ್ಲ. ಆದರೂ ಹಣೆಗೆ ಹಚ್ಚಿಕೊಂಡೆ.

ಶೈಲಜಾ ನನ್ನ ಮುಖ ನೋಡಿದಳು, ಕೌಂಟರನ್ನು ನೋಡಿದಳು.

"ಮೇಡಂ, ಒಂಚೂರು ದೂರ ಕೂತ್ಕೋತೀರಾ? ನಿಮ್ದೂ ಎಣಿಸ್ಬಿಡುತ್ತೆ."

ನಾನು ಎದ್ದು ಹೋಗಿ ಕಿಟಕಿಯ ಹತ್ತಿರ ಕೂತೆ. ಅವಳು ಎಣಿಕೆ ಶುರುಮಾಡಿದಳು.